ನಾನೇ ತರಿಸಿದ ರೇಂಜ್

ಸುಳ್ಳು ಹೇಳುವುದರಲ್ಲಿ ನಾನು ಮಹಾ ದಡ್ಡ. ಆದರೂ ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಇಷ್ಟು ವರ್ಷ ಲೆಕ್ಕ ಬರೆಯುವ ರೈಟರ್ ಆಗಿ ನೆಮ್ಮದಿಯಿಂದ ಬಾಳಿದ್ದು ಒಂದೇ ಒಂದು ಸುಳ್ಳಿನ ಬಲದಿಂದ: ‘ರೇಂಜ್ ಇರ್ಲಿಲ್ಲ ಸರ್.’ ಮಧ್ಯಾಹ್ನ ಊಟವಾದ ಮೇಲೆ ನನಗೆ ಒಂದು ಗಂಟೆ ನಿದ್ದೆ ಬೇಕೇ ಬೇಕು. ಪೊನ್ನಂಪೇಟೆಯಲ್ಲಿರುವ ನಮ್ಮ ಸಾಹುಕಾರರಿಗೆ ಸರಿಯಾಗಿ ಆ ಹೊತ್ತಿಗೇ ಕಾಫಿಹಣ್ಣಿನ ಪಿಕ್ಕಿಂಗ್ ಎಲ್ಲಿಗೆ ಬಂತು ಎಂದು ಕೇಳುವ ಚಪಲ. ನನ್ನ ನಿದ್ದೆಯನ್ನು ಕಾಯುತ್ತಿದ್ದದ್ದು ಇಲ್ಲದ ರೇಂಜು.

ಅದು ಪೂರ್ತಿ ಸುಳ್ಳೂ ಅಲ್ಲ ಎನ್ನಿ. ಟುಜಿ ಕಾಲದಲ್ಲಿ ಕಿಟಕಿಯ ಮೊಳೆಗೆ ಫೋನು ನೇತುಹಾಕಿದರೆ ಎರಡು ಕಡ್ಡಿ ಬರುತ್ತಿತ್ತು. ಮಾತಾಡಲು ನಾವೇ ಮೊಳೆಯ ಹತ್ತಿರ ಕಿವಿ ಒಯ್ಯಬೇಕು. ತ್ರೀಜಿ ಬಂದಾಗ ರೇಂಜು ಅಂಗಳದ ಹಲಸಿನ ಮರದ ಬುಡಕ್ಕೆ ಹೋಯಿತು. ಫೋರ್‌ಜಿ ಬಂತೆಂದು ಹೊಸ ಫೋನು ಕೊಂಡರೆ ಅದಕ್ಕೆ ಕೂಲಿಯಾಳುಗಳ ಲೈನ್ ಮನೆಗಳ ಮೇಲಿನ ಬಂಡೆಯನ್ನೇ ಹತ್ತಬೇಕಾಯಿತು. ದೇಶ ಒಂದೊಂದು ಜಿ ಮುಂದೆ ಹೋದಂತೆಲ್ಲ ನಾನು ಒಂದೊಂದು ಫರ್ಲಾಂಗು ನಡೆದೆ. ಸಂಜೆಯಾದರೆ ಬಂಡೆಯ ಮೇಲೆ ಮಲಯಾಳ, ತಮಿಳು, ಅರೆಭಾಷೆಗಳಲ್ಲಿ ಕಿರುಚಾಟವೋ ಕಿರುಚಾಟ. ಯಾರ ಮನೆಯ ಸಂಬಂಧ ಮುರಿಯಿತು ಎಂಬುದು ಆ ಮನೆಯವರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ಕುಟ್ಟದಲ್ಲಿರುವ ತಂಗಿಯೊಡನೆ ಆ ಬಂಡೆಯ ಮೇಲೆ ನಿಂತು ಮಾತಾಡಿ ನನ್ನ ಹೆಂಡತಿ ಸರಸುವಿಗೆ ಸಾಕಾಗಿತ್ತು. “ನಮ್ಮ ಮನೆ ಗುಟ್ಟೆಲ್ಲ ಲೈನಿನವರ ಬಾಯಲ್ಲಿ ಉಂಟು. ಟವರಿಗೊಂದು ಅರ್ಜಿ ಬರೀಲಿಕ್ಕೆ ನಿಮಗೆ ಎಂಥ ಕಷ್ಟ?” ಎಂದು ಹಿಡಿದುಕೊಂಡಳು. ನನಗೋ ನನ್ನ ಅಕ್ಷರದ ಬಗ್ಗೆ ಜಂಭ. ‘ಜಗತ್ತಿನ ಸಂಪರ್ಕದಿಂದ ವಂಚಿತರಾದ ನಾವು’ ಎಂದು ಶುರುಮಾಡಿ ಮೂರು ಪುಟ ಬರೆದು ಮೊದಲ ಸಹಿ ಹಾಕಿದೆ. ಎರಡನೆಯದು ಆಳುಗಳ ಮೇಸ್ತ್ರಿ ಪೊನ್ನಪ್ಪನದು. ಅರ್ಜಿಯನ್ನೆಲ್ಲ ಯಾರು ಓದುತ್ತಾರೆ ಎಂಬ ಧೈರ್ಯ. ಓದಿಬಿಟ್ಟರಲ್ಲ ಮಾರಾಯ್ರೆ! ನಮ್ಮ ಗೇಟಿನೆದುರೇ ಟವರ್ ಎದ್ದಿತು, ಅದೂ ಫೈವ್‌ಜಿಯದು. ಪೂಜೆಗೆ ತೆಂಗಿನಕಾಯಿ ಒಡೆದವನೂ ನಾನೇ.

ಮೊನ್ನೆ ಮಧ್ಯಾಹ್ನ ಕಡುಬು, ಕೋಳಿಸಾರು ಉಂಡು ಗೇಟಿಗೆ ಬೆನ್ನುಹಾಕಿ ಹಲಸಿನ ನೆರಳಲ್ಲಿ ಒರಗಿದ್ದೆ. ಫೋನು ಬಡಕೊಂಡಿತು. ನಿದ್ದೆಗಣ್ಣಲ್ಲಿ ಒತ್ತಿದರೆ ಸಾಹುಕಾರರ ಮುಖ! ಮೀಸೆಯ ಒಂದೊಂದು ಕೂದಲೂ ಎಣಿಸಬಹುದಿತ್ತು.

“ಎಲ್ಲಿದ್ದೀರಿ ರೈಟ್ರೇ?”

“ತೋಟದಲ್ಲೇ ಸರ್... ಹಲೋ? ಹಲೋ? ಕೇಳ್ತಿಲ್ಲ ಸರ್, ಇಲ್ಲಿ ರೇಂಜೇ ಇಲ್ಲ!” ಎಷ್ಟೋ ವರ್ಷದ ಅಭ್ಯಾಸ, ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

“ಹೌದಾ? ಮತ್ತೆ ನಿಮ್ಮ ತಲೆ ಹಿಂದೆ ಕಾಣ್ತಿರೋದು ಎಂಥದು? ನಿಮ್ಮ ಟವರೇ ಅಲ್ವಾ?”

ಆ ದಿನ ಇಳಿದ ಮಾನ ಇನ್ನೂ ಏರಿಲ್ಲ. ಕೊನೆಗೆ ವಿಚಾರಿಸಿ ತಿಳಿದುಕೊಂಡೆ: ಇಡೀ ಎಸ್ಟೇಟಿನಲ್ಲಿ ಈಗ ರೇಂಜ್ ಸಿಗದಿರುವುದು ಆ ಬಂಡೆಯ ಹಿಂದಿನ ತಗ್ಗಿನಲ್ಲಿ ಮಾತ್ರ. ನಿನ್ನೆ ಊಟ ಮುಗಿಸಿ, ಟವಲು ಹೆಗಲಿಗೆ ಹಾಕಿಕೊಂಡು, ಅಷ್ಟು ದೂರ ಏದುಸಿರು ಬಿಡುತ್ತಾ ಹತ್ತಿ ಹೋದೆ. ಪೊನ್ನಪ್ಪ ಆಗಲೇ ಅಲ್ಲಿ ಕಂಬಳಿ ಹಾಸಿ ಮಲಗಿದ್ದ. ಕಣ್ಣು ಕೂಡ ತೆರೆಯದೆ, “ಬನ್ನಿ ರೈಟ್ರೇ, ಮೊದಲ ಸಹಿ ನಿಮ್ಮದಲ್ವಾ” ಎಂದು ಸ್ವಲ್ಪ ಸರಿದು ಜಾಗ ಕೊಟ್ಟ.