ಮಾವನ ಮನೆಯ ಕೈದಿ

ನಮ್ಮ ಸೋದರಮಾವ ಜೈಲಿನಿಂದ ಓಡಿಬಂದ ಕೈದಿಯೊಬ್ಬನನ್ನು ಎಷ್ಟೋ ವರ್ಷಗಳಿಂದ ಚಿಂಚವಾಡದ ತಮ್ಮ ಮನೆಯಲ್ಲಿ ಅಡಗಿಸಿಟ್ಟಿದ್ದಾರೆ! ಪೊಲೀಸರಿಗೆ ಹೇಳಬೇಡಿ. ಕೈದಿ ಇರುವುದು ಜೋಳದ ಡಬ್ಬಿಯ ಪಕ್ಕದ ತಗಡಿನ ಡಬ್ಬಿಗಳಲ್ಲಿ, ರೀಲುಗಳಾಗಿ.

ಅದೊಂದು ಹಳೆಯ ಕಪ್ಪು-ಬಿಳುಪು ಹಿಂದಿ ಸಿನಿಮಾ. ನಾಯಕ ಜೈಲಿನಿಂದ ಓಡುತ್ತಾನೆ; ಸಿನಿಮಾ ಮಾತ್ರ ಎಲ್ಲೂ ಓಡಲಿಲ್ಲ. ಅದೇ ಅದರ ಹೆಚ್ಚುಗಾರಿಕೆಯಂತೆ! ಎಲ್ಲರೂ ನೋಡಿದ್ದನ್ನು ಕೂಡಿಡುವುದರಲ್ಲಿ ಏನು ಮಹಾ? ಹಳೇ ಸಿನಿಮಾ ಸಂಗ್ರಹಿಸುವವರು ಊರೂರಿಂದ ಮಾವನ ಬಾಗಿಲಿಗೆ ಬರುತ್ತಾರೆ. ಒಬ್ಬರು ಇದಕ್ಕೆ ಬದಲಾಗಿ ಮೂರು ಹೆಸರುವಾಸಿ ಸಿನಿಮಾ ಕೊಡುತ್ತೇನೆ ಎಂದಾಗ, ಮಾವ ಅವರ ಕೈಯಲ್ಲಿದ್ದ ಚಹಾದ ಕಪ್ಪನ್ನು ವಾಪಸ್ ಇಸಿದುಕೊಂಡರು. "ಮನಿ ಮಗನ್ನ ಕೇಳಾಕ ಬಂದೀರೇನ್ರಿ?"

ಹಳೆಯ ಫಿಲ್ಮ್ ಕೆಡತೊಡಗಿದರೆ ಹುಳಿ ವಾಸನೆ ಬರುತ್ತದೆ. ಒಮ್ಮೆ ಅತ್ತೆ ಮನೆಯೆಲ್ಲ ಮೂಸಿ ನೋಡಿ, ಒಳ್ಳೆಯ ಮಾವಿನಕಾಯಿ ಉಪ್ಪಿನಕಾಯಿಯನ್ನು ಜಾಡಿಗಟ್ಟಲೆ ಚೆಲ್ಲಿಬಿಟ್ಟರು. ವಾಸನೆ ರೀಲಿನದೆಂದು ಮಾವನಿಗೆ ಗೊತ್ತು. "ಉಪ್ಪಿನಕಾಯಿ ಮತ್ತ ಹಾಕಬಹುದು" ಎಂದು ನನ್ನ ಕಿವಿಯಲ್ಲಿ ಉಸುರಿದರು. ಎಂಥ ಎದೆಗಾರಿಕೆ!

ಕೊರತೆ ಒಂದೇ. ಕೊನೆಯ ರೀಲು ಇಲ್ಲ. ಕೈದಿ ಜೈಲಿನ ಗೋಡೆ ಹತ್ತುವಷ್ಟರಲ್ಲಿ ಮಾವನ ಮನೆಯ ಚಾದರದ ಪರದೆ ಬೆಳ್ಳಗಾಗುತ್ತದೆ. ಆಗ ಮಾವ ಅದರ ಮುಂದೆ ನಿಂತು, ಚಪ್ಪಲಿ ಬಡಿಯುತ್ತ, ತಾವೇ ಓಡುತ್ತಾರೆ! ಪ್ರತಿ ಭಾನುವಾರ ಇದೇ ಆಟ. ಸೊಂಟ ಮುರಿದು ಈಗ ಮಂಚ ಹಿಡಿದಿರುವ ಅತ್ತೆ ತಲೆಯೆತ್ತಿ ಕೇಳುತ್ತಾರೆ.

"ಮನಿ ಮುಟ್ಟಿದ್ನೇನ್ರಿ?"

"ಮುಟ್ಟಿದಾ. ಹೆಂಡ್ತಿ ಬಿಸಿ ರೊಟ್ಟಿ ಹಾಕ್ಯಾಳ."

"ಹಂಗಾರ ನನಗೂ ಒಂದು ಕೊಡ್ರಿ."

ಬೇರೆ ದಿನ ಊಟವೆಂದರೆ ಮುಖ ತಿರುಗಿಸುವ ಅತ್ತೆ ಅಂದು ಮಾತ್ರ ಹೊಟ್ಟೆತುಂಬ ಉಣ್ಣುತ್ತಾರೆ.

ಮೊನ್ನೆ ಕ್ಯಾಂಪ್ ಎಂಬ ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಆ ಕೊನೆಯ ರೀಲು ಸಿಕ್ಕೇಬಿಟ್ಟಿತು! ಮಾವ ಕುಣಿಯುವುದೊಂದು ಬಾಕಿ. ಅಂಗಡಿಯ ಹಿಂದಿನ ಕೋಣೆಯಲ್ಲೇ ಹಾಕಿಸಿ ಇಬ್ಬರೂ ನೋಡಿದೆವು. ಕೈದಿ ಗೋಡೆ ಇಳಿದ, ಸ್ವಲ್ಪ ದೂರ ಓಡಿದ, ಗುಂಡು ತಗುಲಿ ಬಿದ್ದ. ಅಷ್ಟೇ.

ಈ ಸಿನಿಮಾದ ಪೂರ್ತಿ ಪ್ರತಿ ಇಟ್ಟುಕೊಂಡಿರುವ ಒಬ್ಬನೇ ಮನುಷ್ಯ ಎಂಬ ಹೆಸರಿಗಾಗಿ ಮಾವ ಜೀವಮಾನವಿಡೀ ಅಲೆದಿದ್ದರು. ಈಗ ಅದು ಕೈಯಲ್ಲೇ ಇತ್ತು. ಅವರು ಡಬ್ಬಿ ಮುಚ್ಚಿ ನನ್ನ ಚೀಲಕ್ಕೆ ಹಾಕಿದರು.

"ನಿನ್ನ ಹತ್ರನ ಇರ್ಲಿ. ಸಿಕ್ಕೈತಂತ ಯಾರಿಗೂ ಹೇಳಬ್ಯಾಡ. ಆಕಿಗಂತೂ ಬ್ಯಾಡೇ ಬ್ಯಾಡ."

ನೀವೂ ಹೇಳಬೇಡಿ.

ಭಾನುವಾರ ಮತ್ತೆ ಚಾದರ ಬೆಳ್ಳಗಾಯಿತು. ಮಾವ ಎಂದಿಗಿಂತ ಜೋರಾಗಿ ಓಡಿದರು.

"ಮನಿ ಮುಟ್ಟಿದ್ನೇನ್ರಿ?"

"ಮುಟ್ಟಿದಾ" ಎಂದರು ಏದುಸಿರು ಬಿಡುತ್ತ. "ಕೈಕಾಲು ತೊಳ್ಕೊಂಡು ಈಗ ಉಣ್ಣಾಕ ಕುಂತಾನ."

ಅತ್ತೆ ತಟ್ಟೆಗೆ ಕೈ ಚಾಚಿದರು. ಮಾವನ ಕಾಲಿಗೆ ಬೀಳಬೇಕೆನಿಸಿತು ನನಗೆ. ಎದ್ದುಹೋಗಿ ಅವರಿಗೆ ಕುಡಿಯಲು ನೀರು ತಂದುಕೊಟ್ಟೆ.