ಮೈಲಾರನ ಕುದುರಿ ಡಬ್ಬಿಯೊಳಗ

ನಗುವಂಥಾ ಸಂಗತಿ ಎಲ್ಲಾ ನನ್ನ ಹೊಸ್ತಿಲಾನೇ ಹುಡುಕಿಕೊಂಡು ಬರ್ತಾವೋ ಏನೋ! ಬಾಜೂ ಮನ್ಯಾಗ ಹಾಲು ಉಕ್ಕಿದ್ರ ಹಾಲು ಉಕ್ಕಿತು, ಅಷ್ಟೇ. ನನ್ನ ಮನ್ಯಾಗ ಉಕ್ಕಿದ್ರ ಅದರ ಮ್ಯಾಲ ಒಬ್ಬರು ಜಾರಿ ಬಿದ್ದು, ಅವರನ್ನ ಎತ್ತಾಕ ಬಂದವರೂ ಜಾರಿ ಬಿದ್ದು, ಕಡೀಕ ಎಲ್ಲಾರೂ ಅಲ್ಲೇ ಕುಂತು ಚಹಾ ಕುಡದು ಹೋಗ್ತಾರ. ಆದ್ರೂ ಆ ವರ್ಷ ನಕ್ಕಷ್ಟು ನಾನು ಯಾವ ವರ್ಷಾನೂ ನಕ್ಕಿಲ್ಲ ನೋಡ್ರಿ. ಎಲ್ಲಾದಕ್ಕೂ ಕಾರಣ ಒಂದು ತಗಡಿನ ಡಬ್ಬಿ!

ಅವಾಗ ನಾ ಇರೋ ಲಿಂಗಂಪಲ್ಲಿ ಸುತ್ತಮುತ್ತ ಬಂಡಿಗಲ್ಲು ಸಿಡಿಸಿ ಗಾಜಿನ ಬಿಲ್ಡಿಂಗ್ ಎಬ್ಬಿಸಾಕತ್ತಿದ್ರು. ನಿನ್ನೆ ಆಡು ಮೇಯ್ತಿದ್ದ ಜಾಗಾದಾಗ ಇವತ್ತ ಕಂಪ್ಯೂಟರ್ ಆಫೀಸು. ನನ್ನ ಮಗಳು, ಅಳಿಯ ಇರೋದು ಊರಿನ ಆ ತುದಿ ಕುಷಾಯಿಗೂಡದಾಗ. ಅವರ ಮಗಗ ನೌಕರಿ ಸಿಕ್ಕಿದ್ದು ಈ ತುದಿ. ಹಿಂಗಾಗಿ ಮೊಮ್ಮಗ ನನ್ನ ಕೂಡನೇ ಇದ್ದ. ನನಗ ಆಯಿ ಅಂತಾನ, ನಮ್ಮ ಗುಲಬರ್ಗಾ ಕಡಿ ಅಜ್ಜಿಗೆ ಹಂಗೇ ಅನ್ನೂದು. ಅಮೆರಿಕಾದವರಿಗೆ ಹೊತ್ತು ಹುಟ್ಟಿದಾಗ ಇವನ ಕೆಲಸ ಶುರು. ನಮ್ಮ ಕೋಳಿ ಕೂಗಿದಾಗ ಇವಗ ಸಂಜಿ. ನಿದ್ದಿ ಬರಬಾರದು ಅಂತ ಆಫೀಸಿನ ಹುಡುಗರು ಇವನ ಕೈಯಾಗ ಆ ಡಬ್ಬಿ ಇಟ್ಟುಬಿಟ್ರು. ಎನರ್ಜಿ ಡ್ರಿಂಕ್ ಅಂತ ಅದರ ಹೆಸರು.

ನನ್ನ ಚಿಂತಿ ಮಾತ್ರ ಬ್ಯಾರೆ. ಮೊಮ್ಮಗಗ ಒಂದು ಹೆಣ್ಣು ಗಟ್ಟಿ ಆಗಬೇಕು! ಬಂದ ಸಂಬಂಧ ಎಲ್ಲಾ ರಾತ್ರಿ ಪಾಳಿ ಅಂತ ಕೇಳಿದ ಕೂಡಲೇ ಹಿಂದ ಸರೀತಿದ್ವು. ಒಬ್ಬರಂತೂ, "ರಾತ್ರಿ ಎಲ್ಲಾ ಎಚ್ಚರ ಇರಬೇಕಂದ್ರ, ಹುಡುಗ ವಾಚ್‌ಮನ್ ಏನ್ರಿ?" ಅಂತ ಕೇಳಿಬಿಟ್ಟಿದ್ರು.

ಜಗಲಿ ಏರಿದ ಡಬ್ಬಿ

ಒಂದಿನ ಮೊಮ್ಮಗನ ಬ್ಯಾಗಿನಾಗಿಂದ ಬುತ್ತಿ ಡಬ್ಬಿ ತೊಳಿಯಾಕ ತಗದ್ರ, ಅದರ ಬಾಜೂಕ ಖಾಲಿ ತಗಡಿನ ಡಬ್ಬಿ! ಇಂಥಾ ಡಬ್ಬಿ ನಾನು ನೋಡಿದ್ದು ಬ್ರಾಂದಿ ಅಂಗಡಿ ಮುಂದಿನ ಗಟಾರದಾಗ. ಹುಡುಗ ಕೆಟ್ಟ ಅಂತ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಗ್ವಾಡಿ ಆಚಿ ಮನ್ಯಾಕಿ, ಓಣಿಯವರೆಲ್ಲಾ ಖಾಲಾ ಅಂತ ಕರಿಯಾಕಿ, ಓಡಿ ಬಂದ್ಲು. ಡಬ್ಬಿ ಮೂಗಿಗೆ ಹಿಡಕೊಂಡು ಮೂಸಿ ನೋಡಿ, "ಅರೆ ಅಮ್ಮಾ, ಯೇ ಶರಾಬ್ ನೈ! ಯೇ ತೋ ಖಾಂಸಿ ಕೀ ದವಾ!" ಅಂದ್ಲು. ಸೆರೆ ಅಲ್ಲ, ಕೆಮ್ಮಿನ ಔಷಧ ಅಂತ!

ಕಣ್ಣು ಒರಸಿಕೊಂಡು ಡಬ್ಬಿ ತಿರುವಿ ನೋಡಿದೆ. ನನಗ ಅಕ್ಷರ ಬರೂದಿಲ್ಲ, ಚಿತ್ರ ತಿಳೀತಾವ. ಹಳದಿ ಬಣ್ಣ, ಅದರ ಮ್ಯಾಲ ಮುಂಗಾಲು ಎತ್ತಿ ಜಿಗಿಯೋ ಬಿಳಿ ಕುದುರಿ. ಮೈಯೆಲ್ಲಾ ಜುಂ ಅಂತು! ನಮ್ಮ ಮನಿ ದೇವರು ಮೈಲಾರಲಿಂಗ. ಅವ ಏರೋದು ಬಿಳಿ ಕುದುರಿ, ಅವಗ ಹಾಕೋ ಭಂಡಾರದ ಅರಿಷಿಣ ಹಳದಿ. ನಮ್ಮ ಹುಡುಗ ಮೈಲಾರನ ತೀರ್ಥ ಕುಡದು ದುಡೀತಾನ, ನಾ ಪಾಪಿ ಅಳ್ಕೋತ ಕುಂತೀನಿ! ಡಬ್ಬಿ ಹುಣಸಿಹಣ್ಣು ಹಚ್ಚಿ ತೊಳದು, ಭಂಡಾರ ಬಳದು, ದಾಸವಾಳ ಏರಿಸಿ ದೇವರ ಜಗಲಿ ಮ್ಯಾಲ ಇಟ್ಟೆ.

ಮಧ್ಯಾಹ್ನ ಎದ್ದು ಬಂದ ಮೊಮ್ಮಗ, "ಆಯಿ, ಅದು ಕಸಾ! ಒಗಿ ಅದನ್ನ," ಅಂದ.

"ಬಾಯಿ ಮುಚ್ಚು. ಕುಡಿಯಾಂವ ನೀನು ಕೈ ಮುಗೀದಿದ್ರ ನಾನರೆ ಮುಗೀತೀನಿ."

ಮರುದಿನ ಖಾಲಾ ಗ್ವಾಡಿ ಮ್ಯಾಲಿಂದ ಇಣುಕಿದ್ಲು. "ಅಮ್ಮಾ, ನಮ್ಮ ಮನಿ ಖಾಂಸಿ ದವಾ ಬಾಟ್ಲಿ ಮ್ಯಾಲ ಒಂಟಿ ಐತಿ. ಅದಕ್ಕೂ ಒಂದು ಹೂವು ಹಾಕ್ತೀರೇನು?"

ಇಟ್ಟಂಗಿ ಮ್ಯಾಲಿನ ವಿಠ್ಠಲ

ಏಕಾದಶಿ ದಿನ ನಮ್ಮ ಓಣಿ ಹೆಣ್ಣುಮಕ್ಕಳ ವಿಠ್ಠಲನ ಭಜನಿ ನಮ್ಮ ಮನ್ಯಾಗ. ಎಲ್ಲಾರೂ ನನ್ನ ವಾರಿಗಿಯವರೇ, ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಬಿ.ಪಿ. ಉಪವಾಸದಾಗ ದನಿ ಏಳವಲ್ಲದು. ತಾಳ ಹಾಕೋ ಅಕ್ಕ ಒಂದು ತಾಳ ಹಾಕಿ, ಒಂದು ಆಕಳಿಕಿ ತಗೀತಿದ್ಲು. ನೋಡಿ ನನಗ ತಡೀಲಿಲ್ಲ. ಮೊಮ್ಮಗ ಫ್ರಿಜ್ಜಿನಾಗ ಡಬ್ಬಿ ತುಂಬಿ ಇಟ್ಟಿದ್ದ. ಅಕ್ಕಿ ಇಲ್ಲ, ಜ್ವಾಳ ಇಲ್ಲ, ಉಪವಾಸಕ್ಕ ನಡೀತೈತಿ ಅಂತ ಗಿಲಾಸಿಗೆ ಸುರುವಿ, "ಮೈಲಾರನ ತೀರ್ಥ, ತಗೋರಿ" ಅಂತ ಹಂಚಿದೆ. ನಾನೂ ಒಂದು ಗಿಲಾಸು ಏರಿಸಿದೆ.

ಆಮ್ಯಾಲ ನೋಡ್ರಿ ಮಜಾ! ಖಾಲಿ ಹೊಟ್ಟ್ಯಾಗ ತೀರ್ಥ ಇಳೀತು, ಭಜನಿ ಏರಿತು. ಮೊದಲು ಎತ್ತಿನ ಬಂಡಿ ಹಂಗಿದ್ದದ್ದು ಟಾಂಗಾ ಆತು, ಟಾಂಗಾ ಇದ್ದದ್ದು ಪ್ಯಾಸೆಂಜರ್ ಆತು, ಪ್ಯಾಸೆಂಜರ್ ಎಕ್ಸ್‌ಪ್ರೆಸ್ ಆತು! ಮೊಣಕಾಲು ನೋವಿನಾಕಿ ಎದ್ದು ಕುಣದ್ಲು. ಆರತಿ ಒಮ್ಮೆ ಆತು, ಯಾರಿಗೂ ಕುಂದ್ರಾಕ ಆಗವಲ್ಲದು, ಮತ್ತೊಮ್ಮೆ ಮಾಡಿದ್ವಿ. ಅಷ್ಟರಾಗ ಬಿ.ಪಿ. ಇದ್ದಾಕಿ, "ಯವ್ವಾ, ಮನಿ ತಿರಗಾಕತ್ತೈತಿ," ಅಂತ ತೆಲಿ ಹಿಡಕೊಂಡು ಕುಂತ್ಲು. ಹೆದರಿ ಆಕೀನ ಮಲಗಿಸಿ, ನೀರು ಕೊಟ್ಟು, ಗಾಳಿ ಬೀಸಿ, ಆಕಿ ಮಗನ್ನ ಕರಿಸಿ ದವಾಖಾನಿಗೆ ಕಳಿಸಿದ್ವಿ. ದೇವರ ದಯಾ, ಸಂಜೀಕ ಆಕಿ ಆರಾಮ ಆದ್ಲು.

ಮೊಮ್ಮಗ ಎದ್ದು ಬಂದು ಕೂಗಾಡಿದ. "ಆಯಿ, ಬಿ.ಪಿ. ಇದ್ದವರಿಗೆ ಇದನ್ನ ಕೊಡ್ತಾರೇನು? ಎಚ್ಚರಿಕಿ ಅಂತ ಡಬ್ಬಿ ಮ್ಯಾಲೇ ಬರದೈತಲ್ಲ!"

"ನನಗ ಓದಾಕ ಬರೂದಿಲ್ಲೋ. ಓದಾಕ ಬರೋ ನೀನು ಯಾಕ ಕುಡೀತಿ?" ಅಂದೆ.

ಆದ್ರ ನಮ್ಮ ಮರ್ಯಾದಿ ಹೋಗಿದ್ದು ಅದಕ್ಕೂ ಮೊದಲೇ. ಭಜನಿ ಎಕ್ಸ್‌ಪ್ರೆಸ್ ಆಗಿದ್ದಾಗ ಓಣಿ ಗುಡಿ ಪೂಜಾರಿ ಬಾಗಲದಾಗ ಬಂದು ನಿಂತು ಕೈ ಮುಗದಿದ್ದ: "ತಾಯಂದಿರಾ, ವಿಠ್ಠಲ ಪಾಪ ಇಟ್ಟಂಗಿ ಮ್ಯಾಲ ಸುಮ್ಮನ ನಿಂತಾನ್ರಿ. ನೀವು ಅವನ್ನ ಓಡಿಸಿ ಓಡಿಸಿ ಇಟ್ಟಂಗಿ ಒಡಸ್ತೀರಿ!"

ನಾ ಹೋಗಿಲ್ಲ, ರೈಲು ಹೋಗೈತಿ

ಡಬ್ಬಿ ಕುಡದಾಗ ಹುಡುಗ ಪಟಾಕ್ಷಿ. ಅದರ ಜೋರು ಇಳಿದ ಕೂಡಲೇ ನೀರಾಗ ಬಿದ್ದ ಪಟಾಕ್ಷಿ. ಒಂದಿನ ಮುಂಜಾನೆ ಕೆಲಸ ಮುಗಿಸಿ ಲೋಕಲ್ ರೈಲು ಹತ್ಯಾನ. ಲಿಂಗಂಪಲ್ಲಿ ಕಡೀ ಸ್ಟೇಷನ್ನು, ದಾಟಿ ಹೋಗಾಕ ದಾರಿನೇ ಇಲ್ಲ. ಆದ್ರೂ ನನಗ ಫೋನ್ ಬಂತು.

"ಆಯಿ, ಸಿಕಂದರಾಬಾದಿನಾಗ ಇದ್ದೀನಿ."

"ಅಯ್ಯ, ಅಲ್ಲಿಗ್ಯಾಕ ಹೋದೆಪಾ?"

"ನಾ ಹೋಗಿಲ್ಲ ಆಯಿ, ರೈಲು ಹೋಗೈತಿ."

ಲಿಂಗಂಪಲ್ಲಿ ಬಂದದ್ದು ಗೊತ್ತಿಲ್ಲ, ರೈಲು ಹೊಳ್ಳಿ ಹೊಂಟಿದ್ದು ಗೊತ್ತಿಲ್ಲ. ಕೈಯಾಗ ಡಬ್ಬಿ, ಬಾಯಿ ಅಗಲಾಗಿ ತಗದು ನಿದ್ದಿ. ಎದುರಿಗೆ ಕರಿ ಟೊಪಗಿ ಹಾಕಿದ ಹಿರ್ಯಾರೊಬ್ಬರು ಕಾಲು ಮ್ಯಾಲ ಎತ್ತಿಕೊಂಡು, "ಮುಂಜಮುಂಜಾನೆ ಎಷ್ಟು ಏರಿಸ್ಯಾನ ನೋಡ್ರಿ," ಅಂತ ಬೈದ್ರಂತ. "ನಮ್ಮ ಕನ್ನಡದಾಗ ಬೈದ್ರು ಆಯಿ, ಅದಕ್ಕ ನಿದ್ದ್ಯಾಗೂ ತಿಳೀತು, ಅರೆಗಣ್ಣು ತಗದು ನೋಡಿದೆ," ಅಂದ.

"ಹುಷಾರಾಗಿ ಹೊಳ್ಳಿ ಬಾ," ಅಂದೆ. ಬಂದ. ಬರ್ತಾ ಮತ್ತ ಮಲಗಿದ. ಮತ್ತ ಸಿಕಂದರಾಬಾದಿನಿಂದ ಫೋನು! ನನಗ ಸಿಟ್ಟು ನೆತ್ತಿಗೇರಿತು. ತಾಟು, ಸೌಟು ತಗೊಂಡು ಸ್ಟೇಷನ್ನಿಗೆ ಹೋದೆ. ರೈಲು ಬಂದು ನಿಂತ ಕೂಡಲೇ ಬಾಗಲಾ ಬಾಗಲಾ ಓಡ್ಯಾಡಿ ಢಣಢಣ ಬಾರಿಸಿದೆ: "ಏಳ್ರೋ! ಲಿಂಗಂಪಲ್ಲಿ ಬಂತು, ಏಳ್ರೋ!"

ನಮ್ಮ ಹುಡುಗ ಒಬ್ಬನೇ ಏಳ್ತಾನ ಅಂದ್ರ, ರೈಲಿನ ಡಬ್ಬಿಗೊಬ್ಬರಂಗ ಹುಡುಗರು ಕಣ್ಣು ಉಜ್ಜಿಕೋತ ಎದ್ದು ಇಳದ್ರು! ಕೊರಳಾಗ ಎಲ್ಲಾರಿಗೂ ಆಫೀಸಿನ ಕಾರ್ಡು. ಅವರಾಗ ಒಬ್ಬ ತೆಲುಗು ಹುಡುಗ ಕೈ ಮುಗದು ಕೇಳಿದ, "ಅಮ್ಮಮ್ಮಾ, ರೇಪು ಕೂಡಾ ವಸ್ತಾರಾ?" ನಾಳಿನೂ ಬರ್ತೀರೇನು ಅಂತ!

ಕಾಗದದಾಗಿನ ಹೆಸರು

ಆಮ್ಯಾಲಿಂದು ನಗೂ ಸಂಗತಿ ಅಲ್ಲ. ಒಂದು ಮುಂಜಾನೆ ಬಂದಾಂವ ಬೂಟು ಸುದ್ದಾ ಬಿಚ್ಚಲಿಲ್ಲ, ಎದಿ ಹಿಡಕೊಂಡು ಕುಂತ. "ಆಯಿ, ಹಲಗಿ ಬಡದಂಗ ಬಡಕೊಳ್ಳಾಕತ್ತೈತಿ." ಕಿವಿ ಇಟ್ಟು ಕೇಳಿದೆ. ಹೌದು, ಹಲಗಿನೇ! ಕೊಟ್ಟ ಚಹಾ ಅವನ ಕೈ ನಡುಗಿ ಕಪ್ಪಿನಾಗಿಂದ ಬಸಿಗೆ ಚೆಲ್ಲಿತು. ನಾನು ತಡಾ ಮಾಡದ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲಿಗೆ ಹಾಕಿದೆ. ಘಾಟಿಗೆ ಕೆಮ್ಮಿ ಕೆಮ್ಮಿ ಹಲಗಿ ಇನ್ನಷ್ಟು ಜೋರಾತು.

ಅವಾಗ ನನಗ ಫಕ್ಕನ ಹೊಳೀತು! "ಯಾರಪಾ ಆಕಿ?"

"ಯಾರು ಆಯಿ?"

"ಊಟ ಸೇರವಲ್ಲದು, ನಿದ್ದಿ ಹತ್ತವಲ್ಲದು, ಎದಿ ಹಲಗಿ ಬಡೀತೈತಿ. ನಿಮ್ಮಜ್ಜ ನನ್ನ ನೋಡಾಕ ಬಂದಾಗ ಹಿಂಗೇ ಇದ್ದ. ಹೇಳು, ಯಾರಿದ್ರೂ ಮಾಡಿಕೊಳ್ಳೋಣು."

"ಅಜ್ಜ ಡಬ್ಬಿ ಕುಡೀತಿದ್ದಿಲ್ಲ ಆಯಿ!" ಅಂತ ಅಷ್ಟು ಸಂಕಟದಾಗೂ ಚೀರಿದ.

ಆಟೋ ಮಾಡಿಕೊಂಡು ದವಾಖಾನಿಗೆ ಓಡಿದ್ವಿ. ಡಾಕ್ಟರವ್ವ ಅವನ ಎದಿಗೆ ವಾಯರ್ ಅಂಟಿಸಿದ್ಲು. ಯಂತ್ರದಾಗಿಂದ ಉದ್ದನ ಕಾಗದ ಹೊರಗ ಬಂತು, ಅದರ ತುಂಬ ಸೊಟ್ಟಸೊಟ್ಟ ಗೀಟು. ಎಷ್ಟು ಡಬ್ಬಿ ಕುಡೀತಿ ಅಂತ ಕೇಳಿದ್ಲು. ಈ ಶಾಣ್ಯಾ ನನ್ನ ಮಾರಿ ನೋಡಿದ. ಬುತ್ತಿ ಬಿಟ್ಟು ಊಟದ ಬದಲಿ ಸುದ್ದಾ ಅದನ್ನೇ ಕುಡೀತಿದ್ದನಂತ! ಡಾಕ್ಟರವ್ವ ಬೈದ್ಲು. ಅದರಾಗ ಕಾಫಿಯೊಳಗಿನ ಕೆಫೀನು ಭಾಳ ಇರ್ತೈತಿ, ಸಕ್ಕರಿ ಸೇರುಗಟ್ಟಲೆ ಇರ್ತೈತಿ. ಎದಿ ಓಡೂದು, ಕೈ ನಡುಗೂದು, ಹೊಟ್ಟಿ ಉರಿಯೂದು, ನಿದ್ದಿ ಕೆಡೂದು ಎಲ್ಲಾ ಅದರದೇ ಪ್ರತಾಪ, ಹಿಂಗೇ ನಡಸಿದ್ರ ದೊಡ್ಡ ರೋಗಾನೇ ಬಂದೀತು ಅಂದ್ಲು. ನನಗ ತಿಳಿದಿದ್ದು ಇಷ್ಟು: ದಣಿದ ಕುದುರಿಗೆ ಬಾರಕೋಲಿಲೆ ಹೊಡದ್ರ ಓಡತೈತಿ, ಹೊಟ್ಟಿ ತುಂಬೂದಿಲ್ಲ.

ಪುಣ್ಯಕ್ಕ, ಡಬ್ಬಿ ಬಿಟ್ರ ಎಲ್ಲಾ ಸರಿ ಹೋಗ್ತೈತಿ ಅಂದ್ಲು. ನನ್ನ ಜೀವ ಜಾಗಾಕ್ಕ ಬಂತು. ಆದ್ರ ಮನಸಿನಾಗಿಂದು ಹೋಗವಲ್ಲದು. ಡಾಕ್ಟರವ್ವನ ಹತ್ತಿರ ಸರದು ಮೆಲ್ಲಕ ಕೇಳಿದೆ: "ಯವ್ವಾ, ಎದ್ಯಾಗ ಇದ್ದದ್ದೆಲ್ಲಾ ಈ ಕಾಗದದಾಗ ಬರ್ತೈತಿ ಅಂತಾರ. ಹುಡುಗಿ ಹೆಸರು ಏನಂತ ಬಂದೈತಿ ನೋಡಿ ಹೇಳು."

ಆಕಿ ನಕ್ಕು ನಕ್ಕು ಕುರ್ಚಿ ಹಿಡಕೊಂಡ್ಲು. "ಹೆಸರು ಬಂದಿಲ್ಲ ಅಮ್ಮಾ, ಬರೇ ಡಬ್ಬಿ ಬಂದೈತಿ!"

ಕರಿ ಟೊಪಗಿ ಮನಿ

ಡಬ್ಬಿ ಬಿಡೂದು ಸಸಾರ ಅಲ್ಲ. ಹುಡುಗಗ ತೆಲಿನೋವು, ಆಕಳಿಕಿ, ಸಿಡಿಮಿಡಿ. ನಾನು ಅಂಬಲಿ, ಮಜ್ಜಿಗಿ ಕುಡಿಸಿ, ಕಿಡಕಿಗೆ ದಪ್ಪನ ಪರದೆ ಕಟ್ಟಿ ಮಲಗಿಸಿದೆ. ಅಷ್ಟರಾಗ ಸಿಕಂದರಾಬಾದಿನಿಂದ ಒಂದು ಸಂಬಂಧ ಬಂತು! ಬಟ್ಟಿ ಅಂಗಡಿಯವರು, ನಮ್ಮ ಕಡಿಯವರೇ, ಮನಿ ದೇವರೂ ಮೈಲಾರಲಿಂಗನೇ. ಹುಡುಗಿಗೂ ಕಂಪನ್ಯಾಗ ರಾತ್ರಿ ಪಾಳಿ! ಇನ್ನ ಯಾರೂ ವಾಚ್‌ಮನ್ ಅನ್ನೂ ಹಂಗಿಲ್ಲ. ಮಗಳು, ಅಳಿಯ, ಮೊಮ್ಮಗ, ನಾನು ಕುಣಕೋತ ಹೋದ್ವಿ.

ಹುಡುಗಿ ಅಪ್ಪ ಬಾಗಲಾ ತಗದ್ರು. ತೆಲಿ ಮ್ಯಾಲ ಕರಿ ಟೊಪಗಿ.

ಮೊಮ್ಮಗ ನನ್ನ ಸೆರಗು ಜಗ್ಗಿದ. "ಆಯಿ, ರೈಲಿನ ಟೊಪಗಿ!"

ಹಿರ್ಯಾರು ಇವನ್ನ ನೋಡಿದ್ರು, ಮತ್ತ ನೋಡಿದ್ರು. ಚಹಾ ಬಂತು. ಡಬ್ಬಿ ಬಿಟ್ಟ ಸಂಕಟ, ಮ್ಯಾಲ ಅಂಜಿಕಿ, ಇವನ ಕೈಯಾಗ ಕಪ್ಪು-ಬಸಿ ಎರಡೂ ಕಟಕಟ ಕುಣದ್ವು. ಹಿರ್ಯಾರು ಎದ್ದು ನಿಂತೇಬಿಟ್ರು. "ತಪ್ಪು ತಿಳಕೋಬ್ಯಾಡ್ರಿ. ಕುಡುಕಗ ನಮ್ಮ ಹೆಣ್ಣು ಕೊಡೂದಿಲ್ಲ. ಈ ಹುಡುಗ ಡಬ್ಬಿ ಹಿಡಕೊಂಡು ರೈಲಿನಾಗ ಬಿದ್ದಿದ್ದನ್ನ ನಾನೇ ಕಣ್ಣಾರೆ ನೋಡೀನಿ."

"ಅದು ಸೆರೆ ಅಲ್ರಿ ಮಾವಾರ..." ಅಂದ ಮೊಮ್ಮಗ. "ಮಾವ ಅನಬ್ಯಾಡ!" ಅಂತ ಗುಡುಗಿದ್ರು. ನನ್ನ ಮಗಳು ಅಳಾಕ ಶುರು ಮಾಡಿದ್ಲು. ಇದೂ ಹೋತು ಅಂತ ನಾನೂ ಎದ್ದು ನಿಂತೆ.

ಬಂದ ಮನ್ಯಾಗ ಕುಂಕುಮ ಇಲ್ಲದ ಹೋಗಬಾರದು. "ದೇವರಿಗೆ ಕೈ ಮುಗದು ಹೋಗ್ತೀನವ್ವಾ," ಅಂದೆ. ಹುಡುಗಿ ಅವ್ವ ಕಣ್ಣು ಒರಸಿಕೋತ ದೇವರ ಕ್ವಾಣಿಗೆ ಕರಕೊಂಡು ಹೋದ್ಲು. ಕೈ ಮುಗದು ಕಣ್ಣು ತಗದೆ.

ಜಗಲಿ ಮ್ಯಾಲ ಹಳದಿ ಡಬ್ಬಿ! ಬಿಳಿ ಕುದುರಿ! ಅದಕ್ಕ ಭಂಡಾರ, ಮ್ಯಾಲೊಂದು ದಾಸವಾಳ!

"ಇದು ಎಲ್ಲಿಂದು ಯವ್ವಾ?"

"ಮಗಳ ಬ್ಯಾಗಿನಾಗ ಇತ್ರಿ. ಮೈಲಾರನ ಕುದುರಿ ಐತಲ್ಲ, ತೀರ್ಥದ ಡಬ್ಬಿ ಇರಬೇಕು ಅಂತ ಇಟ್ಟೀನಿ. ನಮ್ಮವರು ದಿನಾ ಇದಕ್ಕ ಕೈ ಮುಗದೇ ಅಂಗಡಿಗೆ ಹೋಗ್ತಾರ."

ನಾನು ಡಬ್ಬಿ ಎರಡೂ ಕೈಲೆ ಎತ್ತಿಕೊಂಡು ಪಡಸಾಲಿಗೆ ಓಡಿದೆ, ಈ ಮೊಣಕಾಲಿಲೆ! "ಬೀಗರ, ಇದು ಏನ್ರಿ?"

"ಅಯ್ಯಯ್ಯ, ಕೆಳಗ ಇಡಬ್ಯಾಡ್ರಿ! ದೇವರದು!"

"ನಮ್ಮ ಹುಡುಗ ರೈಲಿನಾಗ ಹಿಡದಿದ್ದೂ ಇದೇ ದೇವರನ್ನ!"

ಹಿರ್ಯಾರು ಚಾಳೀಸು ಕಣ್ಣಿಗೇರಿಸಿ, ಭಂಡಾರ ಒರಸಿ ಡಬ್ಬಿ ತಿರುವಿದ್ರು, ಮೊಮ್ಮಗನ ಮಾರಿ ನೋಡಿದ್ರು, ಮತ್ತ ಡಬ್ಬಿ ನೋಡಿದ್ರು. ಬಾಗಲಾ ಹಿಂದ ಕಿಸಕ್ ಅಂತ ನಗು ಬಂತು, ಹಿಂದನೇ ಹುಡುಗಿ ಬಂದ್ಲು. "ಅಪ್ಪಾ, ಅದು ನಿದ್ದಿ ತಡಿಯೋ ಡ್ರಿಂಕು. ಆಫೀಸಿನಾಗ ನಾನೂ ಅದನ್ನೇ ಕುಡಿಯೂದು."

"ಹಂಗಾದ್ರ ನಾ ಇಷ್ಟು ದಿನ ಕೈ ಮುಗದಿದ್ದು?"

"ಕುದುರಿಗೆ ಮುಗದೀರಿ, ಮೈಲಾರಗ ಮುಟ್ಟಿರ್ತೈತಿ ಬಿಡ್ರಿ," ಅಂದೆ. ಮೊದಲು ನಕ್ಕವರು ಅವರೇ, ಟೊಪಗಿ ಉದುರಿ ಬೀಳೋ ಹಂಗ! ನಾನು ಹುಡುಗಿನ ಬಾಜೂಕ ಕುಂಡ್ರಿಸಿಕೊಂಡು ಡಾಕ್ಟರವ್ವ ಹೇಳಿದ್ದೆಲ್ಲಾ ಹೇಳಿದೆ. "ನನಗೂ ಎದಿ ಬಡಕೋತಿತ್ತು ಆಯಿ, ಅಂಜಿ ಹೇಳಿದ್ದಿಲ್ಲ," ಅಂದ್ಲು ಆಕಿ. ನಾಳಿನೇ ಆಕೀನೂ ಡಾಕ್ಟರಿಗೆ ತೋರಸೂದು, ಎರಡೂ ಮನ್ಯಾಗ ಈ ಡಬ್ಬಿ ಕುಡಿಯೂ ಹಂಗಿಲ್ಲ, ಪೂಜಾ ಮಾಡೂ ಹಂಗೂ ಇಲ್ಲ ಅಂತ ಮಾತಾತು. ಸಂಬಂಧ ಗಟ್ಟಿ ಆತು, ಎಲ್ಲಾರ ಬಾಯಾಗ ಸಕ್ಕರಿ ಬಿತ್ತು!

ಮೆಟ್ಟಲಾ ಇಳಿಯೂ ಮುಂದ ಮೊಮ್ಮಗ ಮತ್ತ ಎದಿ ಹಿಡಕೊಂಡು ನಿಂತ. "ಆಯಿ, ಹಲಗಿ ಶುರು ಆತು."

ನನ್ನ ಜೀವ ಹಾರಿತು. "ಕದ್ದು ಕುಡದೇನೋ?"

"ನಿನ್ನಾಣಿ ಆಯಿ, ಒಂದು ಹನಿ ಇಲ್ಲ!"

ತೆಲಿ ಎತ್ತಿ ನೋಡಿದೆ. ಮ್ಯಾಲ ಗ್ಯಾಲರ್ಯಾಗ ಹುಡುಗಿ ನಿಂತು ಇವನ್ನೇ ನೋಡಾಕತ್ತಿದ್ಲು. ಇವನ ರಟ್ಟಿ ಹಿಡದು ಜಗ್ಗಿದೆ.

"ನಡಿ, ನಡಿ, ಡಾಕ್ಟರವ್ವನ ಕಡಿ ಹೋಗೋಣು. ಈ ಸಲ ಕಾಗದದಾಗ ಹೆಸರು ಬಂದೇ ಬರ್ತೈತಿ!"