ಸಾರಿಗೊಬ್ಬ ಇನ್ಸ್‌ಪೆಕ್ಟರ್

ಒಳ್ಳೆಯ ಸಾರು ಮಾಡುವುದು ಹೇಗೆ ಎಂದು ನಮ್ಮ ಯಜಮಾನರಷ್ಟು ಚೆನ್ನಾಗಿ ತಿಳಿದವರು ಇಡೀ ಪೀಣ್ಯದಲ್ಲಿ ಇನ್ನೊಬ್ಬರಿರಲಿಲ್ಲ. ಬೇಳೆ ಎಷ್ಟು ಬೇಯಬೇಕು, ಹುಣಸೆರಸ ಯಾವಾಗ ಬೀಳಬೇಕು, ಒಗ್ಗರಣೆಯ ಸಾಸಿವೆ ಹೇಗೆ ಸಿಡಿಯಬೇಕು, ಎಲ್ಲವೂ ಬಾಯಿಪಾಠ. ಒಂದೇ ಒಂದು ಸಣ್ಣ ಕೊರತೆ: ಒಲೆ ಹಚ್ಚಲು ಬರುತ್ತಿರಲಿಲ್ಲ! ಸಾರು ಮಾಡುತ್ತಿದ್ದವಳು ನಾನು. ಒಮ್ಮೆಯಾದರೂ ‘ಚೆನ್ನಾಗಿದೆ’ ಅನ್ನಲಿ ಎಂದು ಮದುವೆಯಾದಂದಿನಿಂದ ಕಾಯುತ್ತಿದ್ದವಳೂ ನಾನೇ.

ಗಿಯರ್ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಅವರದು ಇನ್ಸ್‌ಪೆಕ್ಟರ್ ಕೆಲಸ. ಪೊಲೀಸ್ ಅಲ್ಲ, ಬೇರೆಯವರು ಮಾಡಿದ್ದನ್ನು ಅಳೆದು ನೋಡಿ ತಪ್ಪು ಹುಡುಕುವ ಕೆಲಸ. ಇದಕ್ಕೆ ಸಂಬಳ ಬೇರೆ! ಆ ವರ್ಷಗಳಲ್ಲಿ ಪೀಣ್ಯದ ಶೆಡ್ಡು ಶೆಡ್ಡಿಗೂ ಗುಣಮಟ್ಟದ ಸರ್ಟಿಫಿಕೇಟಿನ ಹುಚ್ಚು ಹಿಡಿದಿತ್ತು. ಮಳೆ ಬಂದರೆ ಬಕೆಟ್ ಇಡಬೇಕಾದ ಕಡೆಯಲ್ಲೂ ಸರ್ಟಿಫಿಕೇಟಿಗೆ ಮಾತ್ರ ಗಾಜಿನ ಚೌಕಟ್ಟು. ಇವರ ಕಾರ್ಖಾನೆಗೂ ಒಂದು ಬಂತು. ಸರ್ಟಿಫಿಕೇಟು ಅಲ್ಲಿಯ ಗೋಡೆಯಲ್ಲಿ ಉಳಿಯಿತು. ಗುಣಮಟ್ಟ ಇವರ ಸ್ಕೂಟರ್ ಹತ್ತಿ ನಮ್ಮ ಅಡುಗೆಮನೆಗೆ ಬಂದುಬಿಟ್ಟಿತು.

ಮೊದಲು ಕಾಲಿಟ್ಟದ್ದು ವರ್ನಿಯರ್. ಗಿಯರಿನ ದಪ್ಪ ಅಳೆಯುವ ಆ ಉಕ್ಕಿನ ಸಾಧನವನ್ನು ನಾನು ಹೆಚ್ಚಿಟ್ಟ ಹುರುಳಿಕಾಯಿಗೆ ಹಿಡಿದರು.

“ಇದು ಉದ್ದ. ಇದು ಗಿಡ್ಡ. ಒಂದೇ ಪಾತ್ರೇಲಿ ಎರಡೂ ಹೆಂಗೆ ಸಮವಾಗಿ ಬೇಯ್ತವೆ ಹೇಳು?”

“ನೀವು ಉದ್ದ, ನಾನು ಗಿಡ್ಡ. ಒಂದೇ ಮನೇಲಿ ಬೇಯ್ತಾ ಇಲ್ವಾ?”

ಇದಕ್ಕೆ ಉತ್ತರವಾಗಿ ಮರುದಿನ ಒಂದು ಕೆಂಪು ಪ್ಲಾಸ್ಟಿಕ್ ಡಬ್ಬ ಬಂತು. ಕಾರ್ಖಾನೆಯಲ್ಲಿ ರಿಜೆಕ್ಟ್ ಆದ ಮಾಲನ್ನು ಕೆಂಪು ಡಬ್ಬಕ್ಕೆ ಹಾಕುವುದು ರೂಢಿಯಂತೆ. ನಮ್ಮ ಮನೆಯಲ್ಲಿ ಸೊಟ್ಟ ಹುರುಳಿಕಾಯಿ, ದಪ್ಪಗಾದ ಆಲೂಗಡ್ಡೆ ಹೋಳು, ಯಾವ ಪಾಪವೂ ಮಾಡದ ಒಂದು ಬದನೆಕಾಯಿ ಅದರೊಳಗೆ ಬಿದ್ದವು.

ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಹೆಂಗಸು ಅದನ್ನು ನೋಡಿ ಹೌಹಾರಿದಳು. “ಅಯ್ಯ ಅಕ್ಕಾರ, ಇಷ್ಟು ಚಲೋ ಕಾಯಿಪಲ್ಯೆ ಒಗದ್ ಬಿಡ್ತೀರೇನ್ರಿ? ನನಗರ ಕೊಡ್ರಿ!”

ಕೊಟ್ಟೆ. ಸಂಜೆ ಶೇಂಗಾಪುಡಿ ಹಾಕಿ ಮಾಡಿದ ಪಲ್ಯ ಒಂದು ಬಟ್ಟಲು ಕೆಳಗಿಳಿದು ಬಂತು. ನಮ್ಮವರು ತಿಂದರು. ಬೆರಳು ನೆಕ್ಕಿದರು. “ಪಲ್ಯ ಅಂದ್ರೆ ಇದು! ಚೆನ್ನಾಗಿದೆ. ಸ್ವಲ್ಪ ಕಲಿತ್ಕೋ.”

“ನಿಮ್ಮ ಕೆಂಪು ಡಬ್ಬದ ಮಾಲೇ ಕಣ್ರೀ ಅದು!”

ಇನ್ನೊಂದು ತುತ್ತು ಬಾಯಿಗಿಟ್ಟರು. “ರೀವರ್ಕ್ ಆಗಿದೆಯಲ್ಲ,” ಎಂದರು. “ರೀವರ್ಕ್ ಆದ್ಮೇಲೆ ಪಾಸು.”

ನಗು ಬಂತು, ನಿಜ. ಹೊಟ್ಟೆಯೂ ಉರಿಯಿತು. ನನಗೆ ಬರಬೇಕಾದ ಮಾತು ಮೆಟ್ಟಿಲು ಹತ್ತಿ ಮೇಲಿನ ರೂಮಿಗೆ ಹೋಯಿತಲ್ಲ! ಕೇಳಿಯೇಬಿಟ್ಟೆ.

“ನನ್ನ ಸಾರಿಗೆ ಯಾಕ್ರೀ ಆ ಮಾತು ಬರಲ್ಲ?”

“ಸರಿಯಿರೋ ಮಾಲಿನ ಬಗ್ಗೆ ಯಾರಾದ್ರೂ ಮಾತಾಡ್ತಾರೇನೇ? ಅದು ಅದರ ಪಾಡಿಗೆ ಮುಂದಕ್ಕೆ ಹೋಗುತ್ತೆ. ನಾನು ಬಾಯಿ ಬಿಡೋದು ತಪ್ಪಿದ್ರೆ ಮಾತ್ರ.”

“ಹಂಗಾದ್ರೆ ತಪ್ಪಿಲ್ಲದ ಸಾರು ನೀವೇ ಮಾಡಿ ತೋರ್ಸಿ.”

“ಇನ್ಸ್‌ಪೆಕ್ಟರೇ ಲೇತ್ ಮಷೀನ್ ಓಡಿಸಿದ್ರೆ ಅವನ ಮಾಲು ಚೆಕ್ ಮಾಡೋರು ಯಾರೇ?”

“ನಾನಿದೀನಲ್ಲ!”

ಭಾನುವಾರ ಅಡುಗೆಮನೆ ಅವರ ವಶವಾಯಿತು. ಒಲೆಯನ್ನು ನಾನೇ ಹಚ್ಚಿಕೊಟ್ಟೆ. ಹೋಳುಗಳೋ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ! ಆದರೆ ಒಂದೊಂದನ್ನೂ ಅಳೆಯುವಷ್ಟರಲ್ಲಿ ಬೇಳೆ ತಳ ಹಿಡಿದು, ವಾಸನೆ ಬೀದಿಯ ತುದಿಗೆ ಮುಟ್ಟಿತ್ತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಮುಖ ಹಿಂಡಿದ ನಿಂಬೆಹಣ್ಣಾಯಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದೆ.

“ಹೆಂಗಿದೆ, ಇನ್ಸ್‌ಪೆಕ್ಟ್ರೇ?”

“ಮಾಡಿದ ಕ್ರಮ ಸರಿಯಾಗಿದೆ. ಮಷೀನ್ ಸರಿಯಿಲ್ಲ,” ಎಂದು ಒಲೆಯ ಕಡೆ ಬೆರಳು ತೋರಿಸಿದರು.

ಇಂಥವರ ಜೊತೆ ಬಾಳುವುದು ಹೇಗೆ? ಬಾಳಿದೆ. ಒಂದು ದಿನ ಹುಳಿ ಮುಂದಾಯಿತು, ಇನ್ನೊಂದು ದಿನ ಖಾರ ಹಿಂದಾಯಿತು, ಮತ್ತೊಂದು ದಿನ ಕಾಯಿ ನುಣ್ಣಗಾಗಲಿಲ್ಲ. ದೂರು ಹೇಳುತ್ತ ಹೇಳುತ್ತಲೇ ಪಾತ್ರೆಯ ತಳ ಕಾಣಿಸುತ್ತಿದ್ದರು. ದೂರಿಲ್ಲದ ಊಟವೇ ನಮ್ಮ ಮನೆಯಲ್ಲಿ ಇರಲಿಲ್ಲ.

ಅವರು ತೀರಿಕೊಳ್ಳುವುದಕ್ಕೆ ಕೆಲವು ದಿನ ಮೊದಲು ಆಸ್ಪತ್ರೆಯವರು, ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದರು. ಆ ಮಾತಿನ ಅರ್ಥ ನನಗೂ ಆಯಿತು, ಅವರಿಗೂ ಆಯಿತು. ಮನೆಗೆ ಬಂದು ಅನ್ನ, ಸಾರು ಕೇಳಿದರು. ಮಾಡಿದೆ. ದಿಂಬಿಗೆ ಒರಗಿಸಿ ಕೂರಿಸಿದೆ. ಎರಡು ತುತ್ತು ತಿಂದು ನನ್ನನ್ನೇ ನೋಡಿದರು.

“ಚೆನ್ನಾಗಿದೆ ಕಣೇ.”

ಅಷ್ಟು ವರ್ಷ ಕಾದ ಮಾತು. ಕಿವಿಗೆ ಬಿದ್ದ ಕೂಡಲೇ ಸಾರಲ್ಲೇ ಏನೋ ತಪ್ಪಿದೆ ಅನ್ನಿಸಿತು. ಒಳಗೆ ಹೋಗಿ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿ ನೋಡಿದೆ. ಯಾವ ಜ್ಞಾನದಲ್ಲಿ ಮಾಡಿದ್ದೆನೋ, ಉಪ್ಪೇ ಹಾಕಿರಲಿಲ್ಲ.

ಬಂದು ಅವರ ಮುಂದೆ ಕೂತೆ. “ರೀ, ಇದರಲ್ಲಿ ಉಪ್ಪೇ ಇಲ್ಲ ಕಣ್ರೀ. ಹೇಳ್ಬಾರ್ದಾ? ಬಯ್ರೀ, ಒಂದ್ಸಲ ಬಯ್ದುಬಿಡಿ.”

“ಗೊತ್ತು ಕಣೇ,” ಎಂದು ತಟ್ಟೆ ಮುಂದೆ ಸರಿಸಿದರು. “ಇನ್ನೊಂದು ಸೌಟು ಹಾಕು.”